ಬದುಕಿದ್ದವಳ ತಿಥಿ

ಹುಬ್ಬಳ್ಳಿ
೧೪ ಡಿಸೆಂಬರ್ ೧೯೬೪

ತೀರ್ಥರೂಪ ಅಪ್ಪನವರಿಗೆ ಜಲಜಳ ನಮಸ್ಕಾರಗಳು.

ಎರಡು ವರ್ಷಗಳ ಮೇಲೆ ನನ್ನ ಕೈಬರಹ ನೋಡಿ ನಿಮಗೆ ಸಿಟ್ಟು ಬರಬಹುದು. ಅಮ್ಮನಿಗೆ ನಾನು ಬರೆಯುವ ಕಾಗದಗಳನ್ನು ನೀವು ಮುಟ್ಟುವುದಿಲ್ಲವೆಂದು ಗೊತ್ತಿದೆ. ಇದೊಂದನ್ನು ಮಾತ್ರ ಓದಿ. ಇದು ನಾನು ಬೇಡವೆಂದ ಮದುವೆಯ ಮಾತಲ್ಲ, ನಿಮಗೆ ಹೇಳದೆ ಹಿಡಿದ ನೌಕರಿಯ ಮಾತೂ ಅಲ್ಲ. ಕೋರ್ಟಿನ ವಿಷಯ. ಇಷ್ಟು ವರ್ಷ ಮುನ್ಸೀಫ್-ಮ್ಯಾಜಿಸ್ಟ್ರೇಟ್ ಕೋರ್ಟಿನ ಶಿರಸ್ತೇದಾರರಾಗಿದ್ದವರು ನೀವು. ನನಗೆ ಕೇಳಲು ಬೇರೆ ಯಾರೂ ಇಲ್ಲ.

ನಾನಿಲ್ಲಿ ಹೆಂಗಸರ ರಕ್ಷಣಾ ಗೃಹದಲ್ಲಿ ಅಕ್ಷರ ಮತ್ತು ಹೊಲಿಗೆ ಕಲಿಸುತ್ತೇನೆ. ಹೋದ ವಾರ ಪೊಲೀಸರು ಒಂದು ಮನೆಯ ಮೇಲೆ ದಾಳಿ ಮಾಡಿ ಕೆಲವು ಹೆಂಗಸರನ್ನು ಬಿಡಿಸಿ ತಂದರು. ಅದು ಎಂಥ ಮನೆ ಎಂದು ನಾನು ಬರೆಯುವುದಿಲ್ಲ, ನಿಮಗೆ ಅರ್ಥವಾಗುತ್ತದೆ. ಅವರಲ್ಲೊಬ್ಬಳ ಮಾತು ಕೇಳಿ ಬೆಚ್ಚಿಬಿದ್ದೆ. ಅದು ನಮ್ಮ ಕಡೆಯ ಮಾತು. ಹೆಸರು ಕನ್ನಮ್ಮ, ವಯಸ್ಸು ಹತ್ತೊಂಬತ್ತು, ಹೊಸನಗರ ತಾಲೂಕಿನವಳು. "ಯಾವ ಊರು ನಿಂದು?" ಎಂದೆ. "ಮುಳುಗ್ತು ಅಕ್ಕಾ" ಎಂದಳು. "ಮುಳುಗಿದ್ರೂ ಹೆಸರು ಇರ್ತದಲ್ಲ?" ಎಂದರೆ, "ನೀರಿಗೆ ಹೆಸ್ರು ಎಂತಕ್ಕೆ?" ಎಂದಳು. ಅವರದು ಅಣೆಕಟ್ಟಿನ ಮುಳುಗಡೆಯ ಕುಟುಂಬ. ಈಗ ರಿಪ್ಪನ್‌ಪೇಟೆಯ ಆಚೆ ಸರ್ಕಾರ ಕೊಟ್ಟ ಜಾಗದಲ್ಲಿದ್ದಾರಂತೆ. ಶೇಷಪ್ಪ ಎಂಬವನು ದೊಡ್ಡ ಆಸ್ಪತ್ರೆಯಲ್ಲಿ ಆಯಾ ಕೆಲಸ ಕೊಡಿಸುತ್ತೇನೆಂದು ಸಾಗರದಲ್ಲಿ ರೈಲು ಹತ್ತಿಸಿ ಇಲ್ಲಿಗೆ ತಂದು ಬಿಟ್ಟಿದ್ದಾನೆ.

ಅವಳ ಜೊತೆಗೆ ನಾನೂ ಕೋರ್ಟಿಗೆ ಹೋಗಿದ್ದೆ. ಆ ಶೇಷಪ್ಪ ನಿಂತ ಸಾಲಿನಲ್ಲೇ ಇವಳನ್ನೂ ನಿಲ್ಲಿಸಿದ್ದರು. ಮ್ಯಾಜಿಸ್ಟ್ರೇಟರು ಮೆತ್ತಗಿನ ಮನುಷ್ಯ. "ನೀನು ಅಪರಾಧಿ ಅಲ್ಲಮ್ಮ" ಎಂದರು. ಆಮೇಲೆ, ವಿಚಾರಣೆ ಮುಗಿಯುವ ತನಕ ಗೃಹದಲ್ಲಿಡಬೇಕೆಂದು ಬರೆಸಿದರು. ಹೊರಗೆ ಬಂದ ಮೇಲೆ ಅವಳು ನನ್ನ ಸೆರಗು ಹಿಡಿದುಕೊಂಡು, "ಅಪರಾಧಿ ಅಲ್ಲ ಅಂದ್ರಲ್ಲ ಅಕ್ಕಾ, ಸಾಗರದ ರೈಲು ಎಷ್ಟೊತ್ತಿಗೆ?" ಎಂದು ಕೇಳಿದಳು. ಜೊತೆಯಲ್ಲಿದ್ದ ಪೊಲೀಸಿನವನು ನಕ್ಕ.

ತಂದೆತಾಯಿಯ ಮನೆ ಅವಳನ್ನು ಒಪ್ಪಿಸಲು ತಕ್ಕದ್ದೇ ಎಂದು ಆ ಕಡೆಯ ಗೌರವಸ್ಥರೊಬ್ಬರಿಂದ ತಿಳಿದುಕೊಳ್ಳಬೇಕಂತೆ. ನಿಮ್ಮನ್ನು ಕೇಳದೆ ನಿಮ್ಮ ಹೆಸರು ಕೊಟ್ಟೆ. ಆಜ್ಞೆ ನಿಮಗೆ ತಲುಪುತ್ತದೆ.

ನಿಮ್ಮ
ಜಲಜ


ತೀರ್ಥಹಳ್ಳಿ
೨೩ ಡಿಸೆಂಬರ್ ೧೯೬೪

ಚಿ|| ಜಲಜಳಿಗೆ,

ನಿನ್ನ ಕಾಗದ ತಲುಪಿತು. ಕೋರ್ಟಿನ ಆಜ್ಞೆಯೂ ತಲುಪಿತು. ಮೊದಲನೆಯದಕ್ಕೆ ಉತ್ತರಿಸುವ ಮನಸ್ಸಿರಲಿಲ್ಲ. ಎರಡನೆಯದನ್ನು ತಳ್ಳಿಹಾಕುವ ಅಭ್ಯಾಸ ನನಗಿಲ್ಲ.

ವಕೀಲ ಪುಟ್ಟಪ್ಪನವರ ಮನೆಗೆ ಹೋಗಿ ಆ ಕಾಯಿದೆಯ ಪುಸ್ತಕ ಕೇಳಿ ತಂದು ಆಮೂಲಾಗ್ರ ಓದಿದೆ. ನೀನು ಅದರ ತಲೆಬರಹವನ್ನಾದರೂ ನೋಡಿದ್ದೀಯೋ ಇಲ್ಲವೋ. ಸಾವಿರದ ಒಂಬೈನೂರ ಐವತ್ತರಲ್ಲಿ ನ್ಯೂಯಾರ್ಕ್ ನಗರದಲ್ಲಿ ಅನೇಕ ದೇಶಗಳು ಕೂಡಿ ಸಹಿ ಹಾಕಿದ ಒಪ್ಪಂದಕ್ಕೆ ಅನುಸಾರವಾಗಿ ನಮ್ಮ ಪಾರ್ಲಿಮೆಂಟು ಈ ಕಾಯಿದೆಯನ್ನು ಮಾಡಿದೆ ಎಂದು ಅಲ್ಲಿ ಸ್ಪಷ್ಟವಾಗಿದೆ. ಮನುಷ್ಯರನ್ನು ಸರಕಿನಂತೆ ಸಾಗಿಸಬಾರದು ಎಂದು ಸಮುದ್ರದಾಚೆ ಒಪ್ಪಿಕೊಂಡ ಮಾತು ಹೊಸನಗರ ತಾಲೂಕಿನ ಒಬ್ಬ ಬಡವನ ಮಗಳನ್ನು ಹುಡುಕಿಕೊಂಡು ಬಂದಿದೆಯಲ್ಲ, ಇದು ಸಣ್ಣ ಸಂಗತಿಯಲ್ಲ. ಇಪ್ಪತ್ತೊಂದು ತುಂಬದವಳನ್ನು ಬಿಡಿಸಿ ತಂದರೆ ಬೀದಿಗೆ ಬಿಡಬಾರದು, ಯೋಗ್ಯರ ಕೈಗೆ ಒಪ್ಪಿಸಬೇಕು, ಅಲ್ಲಿಯ ತನಕ ಜೋಪಾನ ಮಾಡಬೇಕು ಎಂದಿದೆ. ಅದರಲ್ಲಿ ತಪ್ಪೇನಿದೆ? ನೀನು ಮೊದಲಿನಿಂದಲೂ ಅವಸರದವಳು. ಆಕೆಯನ್ನು ಹಿಡಿದಿಟ್ಟಿಲ್ಲ, ಕಾಪಾಡಿದ್ದಾರೆ.

ಸಂಕ್ರಾಂತಿ ಕಳೆದ ಮೇಲೆ ಹೋಗಿ ಬರುತ್ತೇನೆ. ಕಂಡದ್ದನ್ನು ಕಂಡಂತೆ ಕೋರ್ಟಿಗೆ ಬರೆಯುತ್ತೇನೆ.

ನಿನ್ನ ತಾಯಿ ಕೇಳಲು ಹೇಳಿದ್ದಾಳೆ: ಅಲ್ಲಿ ಚಳಿ ಹೇಗಿದೆ?

ಮುಕುಂದಯ್ಯ


ಹುಬ್ಬಳ್ಳಿ
೩ ಜನವರಿ ೧೯೬೫

ಅಪ್ಪನವರಿಗೆ ನಮಸ್ಕಾರಗಳು.

ನೀವು ಉತ್ತರ ಬರೆದಿರಿ. ಅದನ್ನು ಎರಡು ಸಲ ಓದಿದೆ. ಚಳಿ ಹೆಚ್ಚಿಲ್ಲವೆಂದು ಅಮ್ಮನಿಗೆ ಹೇಳಿ.

ಕಾಯಿದೆಯ ತಲೆಬರಹವನ್ನು ನಮ್ಮ ಸೂಪರಿಂಟೆಂಡೆಂಟರ ಬಳಿ ಕೇಳಿ ನಾನೂ ಓದಿದೆ. ಚೆನ್ನಾಗಿಯೇ ಇದೆ. ಆದರೆ ಅಪ್ಪಾ, ಸಂಜೆ ದೊಡ್ಡ ಕೋಣೆಗೆ ಹೊರಗಿನಿಂದ ಬೀಗ ಹಾಕುವ ಕೆಲಸ ಈ ತಿಂಗಳು ನನ್ನ ಪಾಲಿಗೆ ಬಂದಿದೆ. ಮೊನ್ನೆ ಬೀಗ ಹಾಕುವಾಗ ಒಳಗಿನಿಂದ ಕನ್ನಮ್ಮ ಕರೆದಳು. ಜೋರಾಗಿ ಅಲ್ಲ, ಸಹಜವಾಗಿ, ಉಪ್ಪು ಕೇಳುವ ಹಾಗೆ. "ಅಕ್ಕಾ, ಆ ಮನೇಲೂ ಹೊರಗಿಂದನೇ ಹಾಕ್ತಿದ್ರು. ನೀವೂ ಹಾಕೂದಾ?" ನಾನು ಕೀಲಿ ಕೈಯಲ್ಲಿ ಹಿಡಿದು ಹಾಗೇ ನಿಂತೆ. ಆಮೇಲೆ ಬೀಗ ಹಾಕಿದೆ. ಹಾಕಲೇಬೇಕು.

ಅವಳನ್ನು ಬಸ್ಸು ಹತ್ತಿಸಿದವನು ಅವಳ ಅಪ್ಪನೇ ಅಂತೆ. ಹೆಸರು ಜಟ್ಟಿಂಗಪ್ಪ. ಕೆಟ್ಟವನಲ್ಲ, ನಂಬಿದ. ಹೊಸ ಜಾಗದಲ್ಲಿ ಬೆಳೆ ಬರುವ ತನಕ ಒಂದು ಬಾಯಿ ಕಡಿಮೆಯಾಗಲಿ, ಮಗಳೂ ಆಸ್ಪತ್ರೆಯಲ್ಲಿ ನಾಲ್ಕು ಜನರ ಮುಂದೆ ಬದುಕಲಿ ಎಂದುಕೊಂಡ. ತಾಯಿಯ ಹೆಸರು ಹುಲಿಗೆಮ್ಮ. ತಂಗಿಯೊಬ್ಬಳಿದ್ದಾಳೆ. ಕನ್ನಮ್ಮ ಹೊಲಿಗೆ ಕಲಿಯುವುದಿಲ್ಲ. "ಅವ್ವ ಬಂದು ಕರ್ಕೊಂಡು ಹೋಗೂ ಹೊತ್ತಿಗೆ ಅರ್ಧ ಹೊಲ್ದಿದ್ದು ಇಲ್ಲೇ ಉಳೀತದೆ" ಎನ್ನುತ್ತಾಳೆ.

ಆ ಅವ್ವನನ್ನು ನೋಡಿಕೊಂಡು ಬನ್ನಿ.

ಜಲಜ


ತೀರ್ಥಹಳ್ಳಿ
೧೯ ಜನವರಿ ೧೯೬೫

ಚಿ|| ಜಲಜಳಿಗೆ ಆಶೀರ್ವಾದಗಳು.

ಹೋಗಿ ಬಂದೆ.

ಹುಂಚದ ಮೇಲೆ ಹೋಗುವ ಬಸ್ಸಿನಲ್ಲಿ ರಿಪ್ಪನ್‌ಪೇಟೆಗೆ ಹೋಗಿ ಅಲ್ಲಿಂದ ನಡೆದೆ. ಕಾಡು ಕಡಿದು ಬಯಲು ಮಾಡಿದ ಜಾಗ. ಮರಗಳ ಬುಡದ ಕುತ್ತಿಗಳು ಇನ್ನೂ ಹಾಗೇ ನಿಂತಿವೆ. ಮನೆಗಳೆಲ್ಲ ಹೊಸವು, ಆದರೆ ಬಾಗಿಲುಗಳು ಹಳೆಯವು. ಮುಳುಗುವ ಮುಂಚೆ ಕಿತ್ತು ಗಾಡಿಯಲ್ಲಿ ತಂದವಂತೆ. ಗುಡಿಸಲಿನ ಗೋಡೆಗೆ ಹಲಸಿನ ಮರದ ಕೆತ್ತನೆ ಬಾಗಿಲು.

ಜಟ್ಟಿಂಗಪ್ಪ ಅಂಗಳದಲ್ಲಿ ಬಿದಿರು ಸೀಳುತ್ತಿದ್ದ. ನಾನು ಕೋರ್ಟಿನ ಪರವಾಗಿ ಬಂದವನೆಂದು ಹೇಳಿ, ನಿನ್ನ ಮಗಳು ಕನ್ನಮ್ಮ ಹುಬ್ಬಳ್ಳಿಯಲ್ಲಿ ಕ್ಷೇಮವಾಗಿದ್ದಾಳೆ ಎಂದೆ. ಅವನು ಕತ್ತಿ ಕೆಳಗಿಟ್ಟ.

"ಯಾವ ಕನ್ನಮ್ಮ ಅಯ್ಯಾ?"

"ನಿನ್ನ ದೊಡ್ಡ ಮಗಳು."

"ಅದು ತೀರ್ಕೊಂತು. ಅದರ ಹೆಸ್ರಲ್ಲಿ ನೀರು ಬಿಟ್ಟಾಯ್ತು. ತಿಥಿ ಊಟಾನೂ ಆಯ್ತು. ಊರವ್ರನ್ನ ಕೇಳಿ ಬೇಕಾದ್ರೆ."

ನಾನು ಕೋರ್ಟಿನಲ್ಲಿ ಕೊಲೆ ಕೇಸುಗಳ ಸಾಕ್ಷಿ ಬರೆದುಕೊಂಡವನು. ಇಂಥ ಮಾತು ಕೇಳಿದವನಲ್ಲ. ಬದುಕಿರುವ ಮಗಳ ತಿಥಿ. ಪಕ್ಕದ ಮನೆಯ ಹಿರಿಯನೊಬ್ಬ ಬಂದು ನಿಂತು ವಿವರಿಸಿದ. ಪೊಲೀಸರು ಬಂದು ವಿಚಾರಿಸಿ ಹೋದ ಮೇಲೆ ವಿಷಯ ಬಯಲಾಯಿತಂತೆ. ಅವಳನ್ನು ಸತ್ತವಳೆಂದು ಎಣಿಸದಿದ್ದರೆ ಈ ಮನೆಯ ನೀರು ಬೆಂಕಿ ಯಾರಿಗೂ ಬೇಡ, ಚಿಕ್ಕ ಮಗಳನ್ನು ಯಾರೂ ಸೊಸೆಯಾಗಿ ತರುವುದಿಲ್ಲ ಎಂದು ಕೂಡಿ ಮಾತಾಡಿದರಂತೆ. "ನೀರು ಬಂದಾಗ ಎಲ್ಲಾ ಒಟ್ಟಿಗೆ ಎದ್ದು ಬಂದ್ವಿ ಅಯ್ಯಾ. ಈಗ ಒಬ್ರಿಗೊಬ್ರು ಬಿಟ್ರೆ ಎಂತ ಉಂಟು ನಮ್ಗೆ?" ಎಂದ. ಅವನ ದನಿಯಲ್ಲಿ ಕ್ರೌರ್ಯವಿರಲಿಲ್ಲ. ನನಗೆ ಅದರಿಂದಲೇ ಇನ್ನಷ್ಟು ಭಯವಾಯಿತು.

ತಾಯಿ ಬಾಗಿಲಲ್ಲಿ ನಿಂತಿದ್ದಳು. ಅವಳನ್ನೂ ಕೇಳಿದೆ, "ನಿನ್ನ ಮಾತೂ ಇದೇ ಏನಮ್ಮಾ?" ಗಂಡನ ಮುಖ ನೋಡಿ ತಲೆ ಆಡಿಸಿದಳು.

ತಂದೆತಾಯಿ ಇಬ್ಬರೂ ಮಗಳನ್ನು ಸ್ವೀಕರಿಸಲು ಸಿದ್ಧರಿಲ್ಲವೆಂದೂ ಅವಳ ಉತ್ತರಕ್ರಿಯೆ ನಡೆಸಿದ್ದಾರೆಂದೂ ವರದಿ ಬರೆದು ಕಳಿಸಿದ್ದೇನೆ. ಬೇರೆ ಏನು ಬರೆಯಲಿ? ನೀನು ಮಾತ್ರ ಆ ಹುಡುಗಿಗೆ ಇದನ್ನು ಹೇಳಬೇಡ.

ಮುಕುಂದಯ್ಯ


ಹುಬ್ಬಳ್ಳಿ
೮ ಫೆಬ್ರವರಿ ೧೯೬೫

ಅಪ್ಪನವರಿಗೆ,

ನಾನು ಹೇಳಲಿಲ್ಲ. ಕೋರ್ಟು ಹೇಳಿತು.

ನಿಮ್ಮ ವರದಿಯನ್ನು ಗುಮಾಸ್ತರು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ನಿಮ್ಮ ಕನ್ನಡ ಸ್ವಚ್ಛವಾಗಿತ್ತು, ಒಂದು ಶಬ್ದವೂ ಅವಳಿಗೆ ಅರ್ಥವಾಗದೆ ಉಳಿಯಲಿಲ್ಲ. ನಾನು ಅವಳ ಪಕ್ಕದಲ್ಲೇ ಇದ್ದೆ. ಅವಳು ಅಳುತ್ತಾಳೆಂದು ಭುಜ ಹಿಡಿದುಕೊಂಡೆ. ಅಳಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು, "ಊಟಕ್ಕೆ ಯಾರ್ಯಾರು ಬಂದಿದ್ರಂತೆ ಅಕ್ಕಾ?"

ಆಮೇಲೆ ಆಜ್ಞೆಯಾಯಿತು. ಒಪ್ಪಿಸಲು ಯೋಗ್ಯರಾದ ತಂದೆತಾಯಿ ಇಲ್ಲದ ಕಾರಣ, ಅವಳ ಹಿತಕ್ಕಾಗಿ, ಎರಡು ವರ್ಷ ಗೃಹದಲ್ಲಿಡತಕ್ಕದ್ದು. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಒರೆಸಿಕೊಂಡರು. ವರದಿ ಹೀಗಿರುವಾಗ ಅವರಾದರೂ ಏನು ಮಾಡಿಯಾರು?

ಇನ್ನೊಂದು ವಿಷಯ. ಶೇಷಪ್ಪನಿಗೆ ಜಾಮೀನು ಸಿಕ್ಕಿ ಹದಿನೈದು ದಿನವಾಯಿತಂತೆ. ಅವನು ಆರೋಪಿ, ಅವನಿಗೆ ಜಾಮೀನು ಕೇಳುವ ಹಕ್ಕಿದೆ. ಕನ್ನಮ್ಮ ಯಾವ ಆರೋಪಿಯೂ ಅಲ್ಲ. ಅಪರಾಧವೇ ಇಲ್ಲದವಳಿಗೆ ಜಾಮೀನು ಎಲ್ಲಿಂದ ಬರಬೇಕು? ನಮ್ಮ ಕೋರ್ಟಿನ ವಕೀಲರೊಬ್ಬರು ಇದನ್ನು ತಮಾಷೆಯಾಗಿ ಹೇಳಿದರು. ನ್ಯೂಯಾರ್ಕಿನಲ್ಲಿ ಸಹಿ ಹಾಕಿದವರು ಒಳ್ಳೆಯವರೇ ಇರಬೇಕು. ಅವರಲ್ಲಿ ಯಾರಾದರೂ ಒಬ್ಬರು ಇಲ್ಲಿಗೆ ಬಂದು ಈ ಹುಡುಗಿಗೆ ಇದನ್ನು ಬಿಡಿಸಿ ಹೇಳಲಿ.

ಅವಳು ಈಗ ಹೊಲಿಗೆ ಕಲಿಯುತ್ತಿದ್ದಾಳೆ. ತಾನಾಗಿಯೇ ಬಂದು ಕೂತಳು. ಅದನ್ನು ನನ್ನಿಂದ ನೋಡಲಾಗುತ್ತಿಲ್ಲ.

ಜಲಜ


ತೀರ್ಥಹಳ್ಳಿ
೨೬ ಫೆಬ್ರವರಿ ೧೯೬೫

ಚಿ|| ಜಲಜ,

ನಿನ್ನ ಕಾಗದ ಬಂದ ಮೇಲೆ ಉತ್ತರ ಬರೆಯಲು ಕುಳಿತು ಕುಳಿತು ಎದ್ದೆ. ಈಗ ಬರೆಯಲೇಬೇಕಾಗಿದೆ.

ನಿನ್ನ ಮಹಾಲಕ್ಷ್ಮೀ ಅತ್ತೆಯನ್ನು ನೋಡಲು ಸಾಗರಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಇಸ್ತ್ರಿ ಮಾಡಿದ ಅಂಗಿಯವನೊಬ್ಬ ಕೈಮುಗಿದು, "ನಮಸ್ಕಾರ ರಾಯರೆ, ಆ ಹುಡುಗಿ ವಿಷಯದಲ್ಲಿ ತಾವು ಬರೆದ ವರದಿ ಬಹಳ ನ್ಯಾಯವಾಗಿತ್ತು" ಎಂದ. ನಾನು ಪ್ರತಿನಮಸ್ಕಾರ ಮಾಡಿಬಿಟ್ಟೆ. ಆಮೇಲೆ ಪಕ್ಕದವರು ಹೇಳಿದರು, ಅವನೇ ಶೇಷಪ್ಪ. ಅವನು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಬಸ್ಸಿಗೆ ಕಾಯುತ್ತಿದ್ದ. ಹುಲ್ಲಿನಲ್ಲಿ ಮಲಗಿದ ಹಾವು ನನ್ನ ಹೆಸರು ಹಿಡಿದು ಕರೆದಂತಾಯಿತು. ನನ್ನ ನ್ಯಾಯಕ್ಕೆ ಮೆಚ್ಚುಗೆ ಸಿಕ್ಕಿದ್ದು ಅವನೊಬ್ಬನಿಂದ.

ಮನೆಗೆ ಬಂದರೆ ಜಗಲಿಯ ತುದಿಯಲ್ಲಿ ಒಬ್ಬ ಹೆಂಗಸು ಮುದುಡಿ ಕುಳಿತಿದ್ದಳು. ಹುಲಿಗೆಮ್ಮ. ಗಂಡನಿಗೆ ಹುಂಚದ ಪದ್ಮಾವತಿ ದೇವಿಗೆ ಹರಕೆ ಉಂಟೆಂದು ಹೇಳಿ ಬಸ್ಸು ಹತ್ತಿ, ಹುಂಚದಲ್ಲಿ ಇಳಿಯದೆ ತೀರ್ಥಹಳ್ಳಿಗೆ ಬಂದಿದ್ದಳು. ನನ್ನನ್ನು ಕಂಡವಳೇ ಎದ್ದು ನಿಂತಳು.

"ಅಯ್ಯಾ, ಕೋರ್ಟಿಗೆ ಎಂತ ಬರೆದ್ರಿ?"

"ನೀವಿಬ್ಬರೂ ಹೇಳಿದ್ದನ್ನೇ ಬರೆದೆ."

"ನಾ ಎಂತ ಹೇಳಿದ್ದೆ?"

ನಾನು ಯೋಚಿಸಿದೆ. ಅವಳು ಒಂದು ಶಬ್ದವನ್ನೂ ಆಡಿರಲಿಲ್ಲ. "ತಲೆ ಆಡಿಸಿದೆಯಲ್ಲಮ್ಮ" ಎಂದೆ.

"ಅವ್ರ ಎದ್ರಿಗೆ ಮತ್ತೆಂತ ಆಡಿಸ್ಲಿ? ಹೆತ್ತವಳು ನಾನು. ನನ್ನ ಮಗು ಬೇಕು ನಂಗೆ. ಕೂಲಿ ಮಾಡ್ತೀನಿ, ಭಿಕ್ಷೆ ಬೇಡ್ತೀನಿ, ಆ ಮನೆಗೆ ವಾಪಸ್ ಹೋಗೂದಿಲ್ಲ."

ಎರಡು ವರ್ಷದ ಆಜ್ಞೆಯಾಗಿದೆ ಎಂದು ಅವಳಿಗೆ ಹೇಳಬೇಕಾಯಿತು. ಅವಳು ಕಂಬ ಹಿಡಿದು ಕೆಳಗೆ ಕೂತಳು.

ಅವಳಿಗೆ ಊಟಕ್ಕಿಟ್ಟು ಬಂದ ನಿನ್ನ ತಾಯಿ ನನ್ನೆದುರು ನಿಂತಳು. ನಿನಗೆ ಗೊತ್ತು, ದುಗ್ಗಮ್ಮ ನನ್ನೆದುರು ನಿಂತು ಮಾತಾಡುವವಳಲ್ಲ. "ಗಂಡ ಹೆಂಡ್ತಿ ಇಬ್ರನ್ನೂ ಒಟ್ಟಿಗೆ ನಿಲ್ಸಿ ಕೇಳಿದ್ರೆ ಹೆಂಗ್ಸು ಎಂತ ಹೇಳ್ತಾಳೆ?" ಎಂದಳು. "ನೀವೂ ಎರಡು ವರ್ಷ ನಂಗೆ ಮಗಳಿಲ್ಲ ಅಂತ ಊರಲ್ಲೆಲ್ಲ ಹೇಳ್ಕೊಂಡು ಬಂದ್ರಿ. ಪಕ್ಕದಲ್ಲಿ ನಾನೂ ತಲೆ ಆಡಿಸ್ಕೊಂಡೇ ನಿಂತಿದ್ದೆ. ನನ್ನನ್ನ ಬೇರೆ ಕರೆದು ಯಾರಾದ್ರೂ ಕೇಳಿದ್ರಾ?"

ಇಷ್ಟು ಹೇಳಿ ಒಳಗೆ ಹೋದಳು.

ಸೋಮವಾರ ಹುಲಿಗೆಮ್ಮನನ್ನು ಕರೆದುಕೊಂಡು ಹೊರಡುತ್ತೇನೆ. ಮೇಲಿನ ಕೋರ್ಟಿಗೆ ಅಪೀಲು ಹಾಕಲು ಪುಟ್ಟಪ್ಪನವರು ಕಾಗದ ತಯಾರು ಮಾಡುತ್ತಿದ್ದಾರೆ. ನಿನ್ನ ತಾಯಿಯೂ ಬರುತ್ತಾಳೆ. ನಿನ್ನನ್ನು ನೋಡಬೇಕಂತೆ. ನನಗೂ.

ಅಪ್ಪ


ಹುಬ್ಬಳ್ಳಿ
೧೫ ಮಾರ್ಚ್ ೧೯೬೫

ಪ್ರೀತಿಯ ಅಪ್ಪನಿಗೆ,

ನೀವು ರೈಲು ಹತ್ತಿದ ಮೇಲೆ ಪ್ಲಾಟ್‌ಫಾರಂನಲ್ಲಿ ಬಹಳ ಹೊತ್ತು ಕೂತಿದ್ದೆ. ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಅಮ್ಮ ನನ್ನ ತಲೆಗೆ ಎಣ್ಣೆ ಹಚ್ಚುವಾಗ ನೀವು ಕಿಟಕಿಯ ಕಡೆ ತಿರುಗಿ ಕೂತಿದ್ದಿರಿ. ಅಷ್ಟು ಸಾಕು.

ತಾಯಿ ಮಗಳು ಭೇಟಿಯಾಗುವಾಗ ಗಂಡಸರನ್ನು ಒಳಗೆ ಬಿಡಲಿಲ್ಲವಲ್ಲ, ಏನಾಯಿತೆಂದು ನೀವು ಕೇಳಿದಿರಿ. ಈಗ ಬರೆಯುತ್ತೇನೆ. ಇಬ್ಬರೂ ಓಡಿಬಂದು ತಬ್ಬಿಕೊಳ್ಳುತ್ತಾರೆಂದು ನಾನು ಎಣಿಸಿದ್ದೆ. ಹಾಗಾಗಲಿಲ್ಲ. ಕನ್ನಮ್ಮ ಮೇಜಿನ ಆಚೆ ನಿಂತು ತಾಯಿಯನ್ನು ಅಪರಿಚಿತಳನ್ನು ನೋಡುವಂತೆ ನೋಡಿದಳು.

"ನನ್ನ ತಿಥಿಗೆ ನೀ ಅಡಿಗೆ ಮಾಡಿದ್ಯಾ ಅವ್ವಾ?"

"ಮಾಡ್ದೆ."

"ಉಂಡ್ಯಾ?"

"ಬಡಿಸ್ದೆ. ಉಣ್ಲಿಲ್ಲ."

ಕನ್ನಮ್ಮ ಇನ್ನೂ ನಿಂತೇ ಇದ್ದಳು. ಹುಲಿಗೆಮ್ಮ ಮೆಲ್ಲಗೆ ಹೇಳಿದಳು, "ಅವತ್ತಿಂದ ಆ ಮನೇಲಿ ಹೊಟ್ಟೆ ತುಂಬ ಉಂಡಿಲ್ಲ ಮಗಾ." ಆಗ ಅವಳು ಮೇಜು ಸುತ್ತಿ ಬಂದು ತಾಯಿಯ ಎರಡೂ ಕೈ ಹಿಡಿದು ಮೂಸಿ ನೋಡಿದಳು, ಎಳೆಗರು ನೋಡುವ ಹಾಗೆ. ನಮ್ಮ ಸೂಪರಿಂಟೆಂಡೆಂಟರು ಗಟ್ಟಿ ಹೆಂಗಸು, ಅವರೂ ಎದ್ದು ಹೊರಗೆ ಹೋದರು.

ಅಪೀಲಿನ ದಿನ ನಿಮ್ಮನ್ನು ಸಾಕ್ಷಿಕಟ್ಟೆಗೆ ಹತ್ತಿಸುತ್ತಾರಂತೆ. ನಿಮ್ಮ ವರದಿ ಸರಿಯೋ ತಪ್ಪೋ ಎಂದು ಎದುರು ವಕೀಲರು ಕೇಳಿಯೇ ಕೇಳುತ್ತಾರೆ. ನಿಮಗೆ ಕಷ್ಟವಾಗುತ್ತದೆಂದು ಗೊತ್ತು.

ನಿಮ್ಮ ಮಗಳು
ಜಲಜ


ತೀರ್ಥಹಳ್ಳಿ
೧೦ ಅಕ್ಟೋಬರ್ ೧೯೬೫

ಚಿ|| ಜಲಜಳಿಗೆ ಅಪ್ಪ ಅಮ್ಮನ ಆಶೀರ್ವಾದಗಳು.

ಜೋಗದಿಂದ ನಿನ್ನೆ ಬಂದೆ. ನೀನು ಕೇಳಿದ್ದಕ್ಕೆಲ್ಲ ಉತ್ತರ ಇದರಲ್ಲಿದೆ.

ಜುಲೈಯಲ್ಲಿ ಸಾಕ್ಷಿಕಟ್ಟೆ ಹತ್ತಿದೆ. ಇಷ್ಟು ವರ್ಷ ಅದರ ಕೆಳಗೆ ಕುಳಿತು ಬರೆದುಕೊಂಡವನಿಗೆ ಅದರ ಎತ್ತರ ಗೊತ್ತಿರಲಿಲ್ಲ. "ತಾಯಿ ಒಪ್ಪಲಿಲ್ಲವೆಂದು ಬರೆದಿದ್ದೀರಿ, ಆಕೆ ಹಾಗೆ ಹೇಳಿದರೇ?" ಎಂದು ನ್ಯಾಯಾಧೀಶರೇ ಕೇಳಿದರು. "ಹೇಳಲಿಲ್ಲ. ನಾನು ಕೇಳಬೇಕಾದಂತೆ ಕೇಳಲಿಲ್ಲ" ಎಂದೆ. ತಂದೆ ಒಲ್ಲೆನೆಂದರೂ ತಾಯಿಯೂ ಕಾಯಿದೆಯ ಕಣ್ಣಿಗೆ ಪೋಷಕಳೇ ಎಂದು ಅವರು ಬರೆಸಿ, ನಾನು ಹೊಣೆಯೆಂದು ಬರೆದುಕೊಟ್ಟ ಮುಚ್ಚಳಿಕೆಯ ಮೇಲೆ ಕನ್ನಮ್ಮನನ್ನು ಹುಲಿಗೆಮ್ಮನ ವಶಕ್ಕೆ ಕೊಟ್ಟರು. ಅಲ್ಲಿಯವರೆಗಿನದು ನಿನಗೆ ಗೊತ್ತು. ಶೇಷಪ್ಪನ ಕೇಸಿನ ತೀರ್ಪು ಹೋದ ವಾರ ಬಂದದ್ದೂ ನೀನು ಕೇಳಿರಬಹುದು. ಕನ್ನಮ್ಮ ಅವನ ಮುಖ ನೋಡಿಕೊಂಡೇ ಎಲ್ಲವನ್ನೂ ಹೇಳಿದಳಂತೆ. ಒಂದು ವರ್ಷ ಕಠಿಣ ಶಿಕ್ಷೆಯಾಗಿದೆ. ಕನ್ನಮ್ಮನನ್ನು ಎರಡು ವರ್ಷ ಇಡಬೇಕೆಂದಿದ್ದ ಕಾಯಿದೆಯೇ ಇದು. ನನಗೆ ಅದರ ಮೇಲೆ ಗೌರವ ಹೋಗಿಲ್ಲ. ಆದರೆ ಓದುವಾಗ ಈಗ ಮೊದಲಿನಂತೆ ನೆಟ್ಟಗೆ ಕೂರಲಾಗುವುದಿಲ್ಲ.

ತಾಯಿ ಮಗಳು ಇರುವುದು ಜೋಗದಲ್ಲಿ, ವಿದ್ಯುತ್ ಕೆಲಸದವರು ಊಟಕ್ಕೆ ಬರುವ ಬೆಳ್ಳಪ್ಪನ ಹೋಟೆಲಿನ ಹಿಂಬದಿಯ ಕೋಣೆಯಲ್ಲಿ. ಹುಲಿಗೆಮ್ಮ ಅಡಿಗೆಗೆ ನಿಂತಿದ್ದಾಳೆ. ಕನ್ನಮ್ಮ ಚಹಾ ಮಾಡುತ್ತಾಳೆ, ಬಿಡುವಿನಲ್ಲಿ ಕೆಲಸದವರ ಅಂಗಿಗಳನ್ನು ಹೊಲಿದುಕೊಡುತ್ತಾಳೆ. ಮುಚ್ಚಳಿಕೆ ಬರೆದವನು ಆಗಾಗ ಹೋಗಿ ನೋಡಬೇಕಲ್ಲ, ಹಾಗಾಗಿ ಹೋಗಿದ್ದೆ. ನನ್ನನ್ನು ಬೆಂಚಿನ ಮೇಲೆ ಕೂರಿಸಿ ಕನ್ನಮ್ಮ ಒಂದು ಪ್ರಶ್ನೆ ಕೇಳಿದಳು.

"ಅಯ್ಯಾ, ಇಲ್ಲಿ ಒಬ್ರು ಕೇಳಿದ್ರು, ನೀ ಜೈಲಲ್ಲಿ ಇದ್ದೆ ಅಂತಲ್ಲ ಅಂತ. ನಾ ಇದ್ದಿದ್ದು ಜೈಲಾ?"

"ಅಲ್ಲಮ್ಮ. ಕಾಯಿದೆ ಪ್ರಕಾರ ಅದು..." ಎಂದು ಶುರುಮಾಡಿದೆ. ಅವಳು ತುಂಬ ಶ್ರದ್ಧೆಯಿಂದ ಕಾದಳು. ಆಮೇಲೆ ಅವಳೇ, "ಇರ್ಲಿ ಬಿಡಿ, ಚಾ ಆರ್ತದೆ" ಎಂದಳು.

ಅಷ್ಟರಲ್ಲಿ ಸಾಗರದ ಬಸ್ಸು ಬಂತು. ಇಳಿದವರಲ್ಲಿ ಒಬ್ಬ ತಲೆಗೆ ಕಂಬಳಿ ಕೊಪ್ಪೆ ಹಾಕಿಕೊಂಡಿದ್ದ, ಮಳೆ ಇಲ್ಲದ ದಿನ. ಒಳಗೆ ಬಂದು ಮೂಲೆಯ ಬೆಂಚಿನಲ್ಲಿ ಕೂತ. ಜಟ್ಟಿಂಗಪ್ಪ. ಅಡಿಗೆಮನೆಯ ಬಾಗಿಲಿಗೆ ಬಂದ ಹುಲಿಗೆಮ್ಮ ಅವನನ್ನು ನೋಡಿ ಗೋಡೆ ಹಿಡಿದು ನಿಂತಳು. ಕನ್ನಮ್ಮನೂ ನೋಡಿದಳು. ಬೆಳ್ಳಪ್ಪನಿಗೆ ಏನೂ ಗೊತ್ತಿಲ್ಲ. "ಅಲ್ಲೊಂದು ಚಾ ಕೊಡು ಮಗಾ" ಎಂದ.

ಅವಳು ಚಹಾ ಮಾಡಿದಳು. ಎರಡೂ ಕೈಯಲ್ಲಿ ಲೋಟ ಹಿಡಿದು ತಂದು ಅವನ ಮುಂದಿಟ್ಟಳು. ಅವನು ತಲೆ ಎತ್ತಲಿಲ್ಲ. ಒಂದು ಗುಟುಕು ಕುಡಿದ.

"ಸಕ್ರೆ ಸಾಕಾ?" ಎಂದಳು.

"ಸಾಕು."

"ತಂಗಿ ಹೆಂಗಿದ್ದಾಳೆ?"

"ಬರೂ ಮಾಗಿ ಚಳೀಲಿ ಮದುವೆ" ಎಂದ. ಪೂರ್ತಿ ಕುಡಿದು ಎದ್ದ. ತಾನೇ ತಿಥಿ ಮಾಡಿದ ಮಗಳ ಕೈಯ ಚಹಾ ಕುಡಿದು ಎದ್ದ ಮನುಷ್ಯನ ಮುಖವನ್ನು ನಾನು ಹತ್ತಿರದಿಂದ ನೋಡಿದೆ, ಜಲಜಾ. ಅದರ ಬಗ್ಗೆ ನನಗೆ ಬರೆಯಲು ಬರುವುದಿಲ್ಲ.

ಬಸ್ಸು ಹೊರಡುವ ಹೊತ್ತಿಗೆ ಅವನು ನನ್ನ ಬೆಂಚಿನ ಹತ್ತಿರ ಬಂದು ನಿಂತ.

"ಅಯ್ಯಾ, ಊರವ್ರು ಕೇಳಿದ್ರೆ, ನೀವು ನನ್ನ ಇಲ್ಲಿ ನೋಡ್ಲಿಲ್ಲ."

"ನೋಡಲಿಲ್ಲ" ಎಂದೆ.

ಅಪ್ಪ